ಕೆಳ ಫ್ಲೇಂಜ್‌ನ ರೂಟ್ ಪಾಸ್

ಸ್ಟೀಲ್ ತೊಲೆಯನ್ನು ಕಂಬಕ್ಕೆ ವೆಲ್ಡ್ ಮಾಡುವಾಗ ಎಲ್ಲಕ್ಕಿಂತ ಕಷ್ಟದ ಜಾಗ ಯಾವುದು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ. ಕೆಳ ಫ್ಲೇಂಜ್‌ನ ನಡುಭಾಗ, ವೆಬ್‌ನ ಸರಿ ಕೆಳಗೆ. ಅಲ್ಲಿಗೆ ಕೈ ನೆಟ್ಟಗೆ ಹೋಗುವುದಿಲ್ಲ. ಕಣ್ಣೂ ಹೋಗುವುದಿಲ್ಲ. ಆದರೆ ಕಟ್ಟಡ ಅಲುಗಿದಾಗ ಜೋರಾದ ಎಳೆತ ಬಂದು ಬೀಳುವುದು ಅಲ್ಲಿಗೇ. ವರ್ಕ್‌ಶಾಪ್‌ನಲ್ಲಿ ಟ್ರಸ್, ಬ್ರಾಕೆಟ್ ಅಂತ ವೆಲ್ಡ್ ಮಾಡಿಕೊಂಡಿದ್ದವನು ನಾನು. ಬಹುಮಹಡಿ ಕಟ್ಟಡದ ಫ್ರೇಮ್ ಕೆಲಸಕ್ಕೆ ಬಂದ ಮೇಲೆ ಈ ಜಾಗದ ಪರಿಚಯವಾಯಿತು. ವೆಲ್ಡಿಂಗ್ ಬಗ್ಗೆ ನನಗಿದ್ದ ತಿಳುವಳಿಕೆ ಪೂರ್ತಿ ಬದಲಾಗಿದ್ದೂ ಅಲ್ಲೇ.

ತೊಲೆಯ ರಚನೆ ಮೊದಲು ಹೇಳಿಬಿಡುತ್ತೇನೆ. ಐ ಆಕಾರದ ತೊಲೆಯಲ್ಲಿ ಮೇಲೊಂದು ಕೆಳಗೊಂದು ಅಗಲ ಪಟ್ಟಿ ಇರುತ್ತದೆ. ಅವು ಫ್ಲೇಂಜ್. ಎರಡರ ನಡುವೆ ನಿಂತಿರುವ ಪ್ಲೇಟು ವೆಬ್. ತೊಲೆ ಬಾಗಲು ಹೊರಟರೆ ಒಂದು ಫ್ಲೇಂಜ್ ಎಳೆತಕ್ಕೆ ಸಿಗುತ್ತದೆ, ಇನ್ನೊಂದು ಒತ್ತಡಕ್ಕೆ. ಮಾಮೂಲಿ ಜೋಡಣೆಯಲ್ಲಿ ವೆಬ್‌ಗೆ ಬೋಲ್ಟ್ ಹಾಕಿದರೆ ಸಾಕು. ತೊಲೆಯ ತುದಿ ಸ್ವಲ್ಪ ತಿರುಗಿದರೂ ನಡೆಯುತ್ತದೆ. ಆದರೆ ಗಾಳಿಯ ಹೊಡೆತ, ಭೂಕಂಪದ ಹೊರೆ ಎಲ್ಲ ಫ್ರೇಮೇ ತಡೆದುಕೊಳ್ಳಬೇಕು ಅಂದಾಗ ಲೆಕ್ಕ ಬೇರೆ. ತೊಲೆ ಮತ್ತು ಕಂಬ ಒಂದೇ ತುಂಡಿನ ಹಾಗೆ ನಡೆದುಕೊಳ್ಳಬೇಕು. ಆಗ ಎರಡೂ ಫ್ಲೇಂಜ್‌ಗಳನ್ನು ಪೂರ್ತಿ ದಪ್ಪಕ್ಕೆ ಕಂಬಕ್ಕೆ ಬೆಸೆಯಬೇಕು. ಫ್ಲೇಂಜ್ 25 ಮಿ.ಮೀ. ದಪ್ಪ ಇದ್ದರೆ ವೆಲ್ಡೂ ತಳದಿಂದ ಮೇಲಿನವರೆಗೆ ಆ 25 ಮಿ.ಮೀ. ತುಂಬಿಕೊಂಡು ಬರಬೇಕು.

ಇದಕ್ಕಾಗಿ ಫ್ಲೇಂಜ್‌ನ ತುದಿಯನ್ನು ಓರೆಯಾಗಿ ಕತ್ತರಿಸಿ ಕಳಿಸಿರುತ್ತಾರೆ. ಓರೆ ಮೇಲ್ಮುಖವಾಗಿರುತ್ತದೆ. ಕಂಬಕ್ಕೂ ಫ್ಲೇಂಜ್‌ಗೂ ನಡುವೆ ತಳದಲ್ಲಿ ಒಂದು ಗ್ಯಾಪ್ ಬಿಡುತ್ತಾರೆ. 45 ಡಿಗ್ರಿ ಓರೆ ಇದ್ದರೆ ಗ್ಯಾಪ್ 6 ಮಿ.ಮೀ., 30 ಡಿಗ್ರಿ ಇದ್ದರೆ 10 ಮಿ.ಮೀ. ಕರಗಿದ ಲೋಹ ಕೆಳಗೆ ಸುರಿದುಹೋಗದಂತೆ ಅಡಿಗೆ ಒಂದು ಉಕ್ಕಿನ ಬ್ಯಾಕಿಂಗ್ ಪಟ್ಟಿ. ಮೇಲಿನ ಫ್ಲೇಂಜ್‌ನಲ್ಲಿ ಕೆಲಸ ಸಲೀಸು. ವೆಬ್ ಅದರ ಕೆಳಗಿದೆ, ಹಾಗಾಗಿ ಈ ಅಂಚಿನಿಂದ ಆ ಅಂಚಿನವರೆಗೆ ತಡೆಯಿಲ್ಲದೆ ಎಳೆಯಬಹುದು. ಕೆಳ ಫ್ಲೇಂಜ್‌ನಲ್ಲಿ ಹಾಗಿಲ್ಲ. ವೆಬ್ ನಡುವೆ ಗೋಡೆಯಂತೆ ನಿಂತಿರುತ್ತದೆ. ವೆಬ್‌ನ ಮೂಲೆಯಲ್ಲಿ ಒಂದು ಸಣ್ಣ ಕಿಂಡಿ ಕತ್ತರಿಸಿರುತ್ತಾರೆ, ಆಕ್ಸೆಸ್ ಹೋಲ್ ಅಂತ ಅದಕ್ಕೆ ಹೆಸರು. ಒಂದು ಬದಿಯಿಂದ ಆ ಕಿಂಡಿಯೊಳಗೆ ರಾಡ್ ತೂರಿಸಿ ವೆಲ್ಡ್ ಶುರು ಮಾಡಬೇಕು, ಹೊರಗಿನ ಅಂಚಿಗೆ ಎಳೆಯಬೇಕು. ಆಮೇಲೆ ಎದ್ದು ಇನ್ನೊಂದು ಬದಿಗೆ ಹೋಗಿ ಅಲ್ಲಿಂದ ಮತ್ತೆ. ಎರಡೂ ಬದಿಯ ಶುರು ಸೇರುವುದು ವೆಬ್‌ನ ಅಡಿಯಲ್ಲಿ, ಯಾರ ಕಣ್ಣಿಗೂ ಸರಿಯಾಗಿ ಬೀಳದ ಜಾಗದಲ್ಲಿ.

ಇದು ಎಷ್ಟು ಗಂಭೀರ ಅನ್ನುವುದಕ್ಕೆ 1994ರ ನಾರ್ತ್‌ರಿಡ್ಜ್ ಭೂಕಂಪ ಸಾಕ್ಷಿ. ಆ ವರ್ಷ ಜನವರಿ 17ರ ಮುಂಜಾನೆ ಕ್ಯಾಲಿಫೋರ್ನಿಯಾದಲ್ಲಿ 6.7 ತೀವ್ರತೆಯ ಭೂಕಂಪ ಆಯಿತು. ಈ ಬಗೆಯ ಫ್ರೇಮ್ ಇದ್ದ ಕಟ್ಟಡಗಳು ಬೀಳಲಿಲ್ಲ. ಹೊರಗಿಂದ ನೋಡಿದರೆ ಎಷ್ಟೋ ಕಟ್ಟಡಗಳಿಗೆ ಏನೂ ಆಗಿಲ್ಲ ಅನ್ನುವ ಹಾಗಿತ್ತು. ಆಮೇಲೆ ಹೊದಿಕೆ, ಬೆಂಕಿ ನಿರೋಧಕ ಲೇಪನ ಎಲ್ಲ ಬಿಚ್ಚಿ ನೋಡಿದಾಗ ನೂರಕ್ಕೂ ಜಾಸ್ತಿ ಕಟ್ಟಡಗಳ ತೊಲೆ ಮತ್ತು ಕಂಬದ ಜೋಡಣೆಗಳಲ್ಲಿ ಬಿರುಕು ಕಂಡವು. ಬಹುಪಾಲು ಬಿರುಕುಗಳು ಶುರುವಾಗಿದ್ದು ಕೆಳ ಫ್ಲೇಂಜ್‌ನ ರೂಟ್‌ನಿಂದ, ಅಂದರೆ ವೆಲ್ಡ್‌ನ ತಳದಿಂದ. ಸ್ಟೀಲ್ ಅಂದರೆ ಬಾಗುತ್ತದೆ, ಹಿಗ್ಗುತ್ತದೆ, ಮುರಿಯುವುದಿಲ್ಲ ಅಂತ ಎಲ್ಲರೂ ನಂಬಿದ್ದರು. ಅದು ಗಾಜಿನ ಹಾಗೆ ಸೀಳಿತ್ತು. ಕಾರಣ ಒಂದೇ ಅಲ್ಲ. ಆಗ ಬಳಸುತ್ತಿದ್ದ ಒಂದು ಬಗೆಯ ಫ್ಲಕ್ಸ್ ತುಂಬಿದ ವೈರ್ ಬೇಗ ಬೇಗ ಲೋಹ ತುಂಬುತ್ತಿತ್ತು, ಆದರೆ ಆ ಲೋಹಕ್ಕೆ ಬಿರುಕು ತಡೆಯುವ ಗಟ್ಟಿತನ ಕಡಿಮೆ. ಬ್ಯಾಕಿಂಗ್ ಪಟ್ಟಿಯನ್ನು ಹಾಗೇ ಬಿಡುತ್ತಿದ್ದರು. ಪಟ್ಟಿ ಮತ್ತು ಕಂಬದ ನಡುವಿನ ಸಂದು ತಾನೇ ಒಂದು ಬಿರುಕಿನಂತೆ ವರ್ತಿಸುತ್ತಿತ್ತು. ಜೊತೆಗೆ ವೆಬ್‌ನ ಕೆಳಗಿನ ಆ ಶುರು, ಆ ನಿಲುಗಡೆ. ಅಲ್ಲಿ ಸ್ಲ್ಯಾಗ್, ಅಂದರೆ ಕರಗಿ ಗಟ್ಟಿಯಾದ ಫ್ಲಕ್ಸ್‌ನ ಕಸ, ಸಿಕ್ಕಿಹಾಕಿಕೊಂಡಿರುತ್ತಿತ್ತು. ಅದಾದ ಮೇಲೆ ನಡೆದ ದೊಡ್ಡ ಸಂಶೋಧನೆಯಿಂದ 2000ರಲ್ಲಿ ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾದ ಫೀಮಾ 350 ಅನ್ನುವ ಮಾರ್ಗಸೂಚಿ ಬಂತು. ಇವತ್ತು ನಾವು ಮಾಡುವ ಎಷ್ಟೋ ಕೆಲಸ, ಸೈಟ್‌ನಲ್ಲಿ ಜನ ಗೊಣಗುವ ಎಷ್ಟೋ ನಿಯಮ ಅಲ್ಲಿಂದ ಬಂದದ್ದು.

ಕೆಲಸಕ್ಕೆ ಹಚ್ಚುವ ಮೊದಲು ಟೆಸ್ಟ್ ಇತ್ತು. ನಮ್ಮ ಕೆಲಸ ನಡೆದದ್ದು ಎಡಬ್ಲ್ಯೂಎಸ್ ಡಿ1.1 ಕೋಡ್ ಪ್ರಕಾರ, ಅಂದರೆ ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ನಿಯಮಾವಳಿ. ಅದರ ಮೊದಲ ರೂಪ ಬಂದದ್ದು 1928ರಲ್ಲಿ. ಆ ಕೋಡ್‌ನಲ್ಲಿ ಬೇರೆಲ್ಲ ಸರ್ಟಿಫಿಕೇಟಿಗಿಂತ ಮುಖ್ಯ, ನೀನು ಈ ಪ್ಲೇಟು ಬೆಸೆದು ತೋರಿಸು ಅನ್ನೋದು. 25 ಮಿ.ಮೀ. ದಪ್ಪದ ಎರಡು ಪ್ಲೇಟುಗಳನ್ನು ನೆಟ್ಟಗೆ ನಿಲ್ಲಿಸಿ ಕೆಳಗಿಂದ ಮೇಲಕ್ಕೆ ವೆಲ್ಡ್ ಮಾಡಬೇಕು. ಇನ್ನೊಂದು ಜೊತೆಯನ್ನು ತಲೆಯ ಮೇಲೆ ಕಟ್ಟಿ ಕೆಳಗೆ ನಿಂತು ಮಾಡಬೇಕು. ಆ ದಪ್ಪದಲ್ಲಿ ಪಾಸಾದರೆ ಅದಕ್ಕಿಂತ ದಪ್ಪದ ಕೆಲಸವನ್ನೂ ಕೊಡುತ್ತಾರೆ. ವೆಲ್ಡ್ ಆರಿದ ಮೇಲೆ ಪ್ಲೇಟಿನಿಂದ ಅಡ್ಡಕ್ಕೆ ಪಟ್ಟಿ ಕತ್ತರಿಸಿ, ಯಂತ್ರದಲ್ಲಿಟ್ಟು ಇಂಗ್ಲಿಷಿನ ಯು ಅಕ್ಷರದ ಆಕಾರಕ್ಕೆ ಬಗ್ಗಿಸುತ್ತಾರೆ. ಬಗ್ಗಿದ ಮೈಮೇಲೆ 3 ಮಿ.ಮೀ. ಮೀರಿದ ಬಾಯಿ ತೆರೆದರೆ ಫೇಲ್. ಮೇಲಿನ ಬೀಡ್, ಅಂದರೆ ವೆಲ್ಡ್‌ನ ಗೆರೆ, ಎಷ್ಟು ಚೆನ್ನಾಗಿದ್ದರೂ ಬಗ್ಗಿಸುವಾಗ ಒಳಗಿನದು ಹೊರಗೆ ಬರುತ್ತದೆ. ಪಾಸಾದ ಮೇಲೂ ಅದು ಶಾಶ್ವತ ಅಲ್ಲ. ಆ ವಿಧಾನದ ವೆಲ್ಡಿಂಗ್ ಅನ್ನು 6 ತಿಂಗಳಿಗಿಂತ ಜಾಸ್ತಿ ಮುಟ್ಟದೇ ಇದ್ದರೆ ಅರ್ಹತೆ ಹೋಗುತ್ತದೆ. ನನಗೆ ಈ ನಿಯಮ ತುಂಬಾ ಇಷ್ಟ. ಈ ಕೆಲಸ ತಲೆಯಲ್ಲಿ ಉಳಿಯುವಷ್ಟು ಕೈಯಲ್ಲಿ ಉಳಿಯುವುದಿಲ್ಲ.

ರಾಡ್ ವಿಷಯಕ್ಕೆ ಬರುತ್ತೇನೆ. ಯಾಕಂದರೆ ಸೈಟ್‌ನಲ್ಲಿ ಅತಿ ಜಾಸ್ತಿ ಅಸಡ್ಡೆ ನಡೆಯುವುದು ಇಲ್ಲೇ. ನಾವು ಬಳಸಿದ್ದು 7018 ರಾಡ್. ಮೊದಲಿನ 70 ಅಂದರೆ ವೆಲ್ಡ್ ಲೋಹದ ಬಲ, ಪ್ರತಿ ಚದರ ಇಂಚಿಗೆ 70 ಸಾವಿರ ಪೌಂಡ್, ಅಂದರೆ ಸುಮಾರು 490 ಮೆಗಾಪಾಸ್ಕಲ್. ಅದರ ಮುಂದಿನ 1 ಅಂದರೆ ಎಲ್ಲ ಭಂಗಿಯಲ್ಲೂ ಬಳಸಬಹುದು ಅಂತ. ಕೊನೆಯ 8 ಹೇಳುವುದು ಲೇಪನದ ಬಗ್ಗೆ: ಕಡಿಮೆ ಹೈಡ್ರೋಜನ್, ಜೊತೆಗೆ ಕಬ್ಬಿಣದ ಪುಡಿ. ಈ ಹೈಡ್ರೋಜನ್ನೇ ದೊಡ್ಡ ಶತ್ರು. ಲೇಪನಕ್ಕೆ ತೇವ ಹಿಡಿದರೆ ಆರ್ಕ್‌ನ, ಅಂದರೆ ರಾಡ್ ತುದಿಯಲ್ಲಿ ಉರಿಯುವ ವಿದ್ಯುತ್ ಜ್ವಾಲೆಯ, ಬಿಸಿಗೆ ನೀರು ಒಡೆದು ಹೈಡ್ರೋಜನ್ ಹುಟ್ಟುತ್ತದೆ. ಕರಗಿದ ಉಕ್ಕು ಅದನ್ನು ಹೀರಿಕೊಳ್ಳುತ್ತದೆ. ಉಕ್ಕು ತಣ್ಣಗಾದ ಮೇಲೆ ಅದು ವೆಲ್ಡ್‌ನ ಪಕ್ಕದ ಗಡುಸಾದ ಪದರದಲ್ಲಿ ಸೇರಿಕೊಂಡು ಬಿರುಕು ತೆರೆಯುತ್ತದೆ. ಅದು ಆಗಲೇ ಕಾಣಬೇಕು ಅಂತಿಲ್ಲ. ಗಂಟೆಗಳು ಕಳೆದ ಮೇಲೆ, ಕೆಲವೊಮ್ಮೆ ಒಂದೆರಡು ದಿನ ಬಿಟ್ಟು ತೆರೆಯಬಹುದು.

ಅದಕ್ಕೇ ರಾಡ್‌ಗೆ ಓವನ್. ಡಬ್ಬಿ ತೆರೆದ ಮೇಲೆ ರಾಡ್ ಇರಬೇಕಾದದ್ದು ಕನಿಷ್ಠ 120 ಡಿಗ್ರಿ ಸೆಲ್ಸಿಯಸ್ ಇರುವ ಓವನ್‌ನಲ್ಲಿ. ಹೊರಗೆ ತೆಗೆದ ಮಾಮೂಲಿ 7018 ರಾಡ್ 4 ಗಂಟೆಯೊಳಗೆ ಬಳಕೆ ಆಗಬೇಕು. ಉಳಿದದ್ದು ವಾಪಸ್ ಹೋಗಬೇಕು. ಒದ್ದೆಯಾಯಿತೋ, ಎಸೆಯಬೇಕು. ನಾನು ಸಣ್ಣ ಓವನ್ ಡಬ್ಬಿಯನ್ನು ಪಕ್ಕದಲ್ಲೇ ಪ್ಲಗ್ ಹಾಕಿ ಇಟ್ಟುಕೊಳ್ಳುತ್ತಿದ್ದೆ, ಒಂದೊಂದೇ ರಾಡ್ ತೆಗೆಯುತ್ತಿದ್ದೆ. ಕೆಲವರು ಬೆಳಗ್ಗೆ ಒಂದು ಹಿಡಿ ತೆಗೆದು ಜೇಬಿನಲ್ಲಿ, ತೊಲೆಯ ಮೇಲೆ ಇಟ್ಟುಕೊಂಡು ಸಂಜೆವರೆಗೂ ಬಳಸುತ್ತಾರೆ. ಆರ್ಕ್ ಚೆನ್ನಾಗೇ ಹತ್ತುತ್ತದೆ. ಬೀಡ್ ಚೆನ್ನಾಗೇ ಕಾಣುತ್ತದೆ. ಅದೇ ಅಪಾಯ ಅಲ್ವಾ? ತಪ್ಪು ಕಣ್ಣಿಗೆ ಕಂಡಿದ್ದರೆ ಯಾರೂ ಹಾಗೆ ಮಾಡುತ್ತಿರಲಿಲ್ಲ.

ಮೆಲ್ಬರ್ನ್‌ನ ಕಿಂಗ್ಸ್ ಬ್ರಿಜ್ ಕಥೆ ಇಲ್ಲಿ ಹೇಳಲೇಬೇಕು. ಅದು ಸೇತುವೆ, ಆದರೆ ಮುರಿದದ್ದು ವೆಲ್ಡ್ ಮಾಡಿದ ಉಕ್ಕಿನ ತೊಲೆಗಳೇ. 1962ರ ಜುಲೈ 10ರಂದು, ಅಲ್ಲಿನ ಚಳಿಗಾಲದ ಒಂದು ಬೆಳಗ್ಗೆ, 45 ಟನ್ ತೂಕದ ವಾಹನವೊಂದು ಹೋಗುವಾಗ ಒಂದು ಅಂಕಣ ಕುಸಿಯಿತು. ಸೇತುವೆ ತೆರೆದು ಸುಮಾರು ಒಂದು ವರ್ಷ ಆಗಿತ್ತಷ್ಟೇ. ತೊಲೆಗಳ ಕೆಳ ಫ್ಲೇಂಜ್‌ಗೆ ಬಲಕ್ಕಾಗಿ ಇನ್ನೊಂದು ಪ್ಲೇಟು ಹೊಂದಿಸಿ ವೆಲ್ಡ್ ಮಾಡಿದ್ದರು. ಆ ಪ್ಲೇಟಿನ ತುದಿಯಲ್ಲಿ ಅಡ್ಡಕ್ಕೆ ಹಾಕಿದ ವೆಲ್ಡ್‌ನ ಬುಡದಲ್ಲಿ ಸಣ್ಣ ಬಿರುಕುಗಳಿದ್ದವು. ತೊಲೆ ಕಾರ್ಖಾನೆಯಲ್ಲಿದ್ದಾಗಲೇ ಶುರುವಾದ ಬಿರುಕುಗಳು ಅವು. ಆ ಉಕ್ಕು ವೆಲ್ಡಿಂಗ್‌ಗೆ ಸುಲಭವಾಗಿ ಒಗ್ಗುವಂಥದ್ದಲ್ಲ, ಅದಕ್ಕೆ ತಕ್ಕ ಎಚ್ಚರಿಕೆಯೂ ಇರಲಿಲ್ಲ. ಚಳಿಗೆ ಉಕ್ಕು ಇನ್ನಷ್ಟು ಪೆಡಸಾಗಿತ್ತು. ಇದನ್ನು ಓದಿದ ಮೇಲೆ ತೊಲೆಯ ಮೈಮೇಲೆ ಸುಮ್ನೆ ಆರ್ಕ್ ಹೊತ್ತಿಸಿ ನೋಡುವ ಅಭ್ಯಾಸ ಇರುವವರನ್ನು ಕಂಡರೆ ನನಗೆ ತಡೆಯಲು ಆಗುವುದಿಲ್ಲ. ಹಾಗೆ ಹೊತ್ತಿಸಿದ ಒಂದು ಚುಕ್ಕೆಯೂ ಕ್ಷಣದಲ್ಲಿ ಕಾದು ಕ್ಷಣದಲ್ಲಿ ತಣಿದು ಗಡುಸಾಗುತ್ತದೆ. ಆರ್ಕ್ ಹೊತ್ತಿಸಬೇಕಾದದ್ದು ವೆಲ್ಡ್ ತುಂಬುವ ಜಾಗದೊಳಗೆ ಮಾತ್ರ.

ಗ್ಯಾಪ್ ವಿಷಯದಲ್ಲಿ ಒಂದು ಘಟನೆ ಆಯಿತು. ಕ್ರೇನ್ ಒಂದು ತೊಲೆಯನ್ನು ಎತ್ತಿ ತಂದು ಕೂರಿಸಿತು, ರಿಗ್ಗರ್‌ಗಳು ವೆಬ್‌ಗೆ ಬೋಲ್ಟ್ ಹಾಕಿದರು. ಫಿಟ್ಟರ್ ಗೇಜ್ ಇಟ್ಟು ನೋಡಿದರೆ ಕೆಳ ಫ್ಲೇಂಜ್‌ನಲ್ಲಿ ಗ್ಯಾಪ್ ವಿಪರೀತ ಜಾಸ್ತಿ. ಬ್ಯಾಕಿಂಗ್ ಪಟ್ಟಿ ಇದ್ದಾಗ ನಿಗದಿ ಗ್ಯಾಪ್‌ಗಿಂತ 6 ಮಿ.ಮೀ.ವರೆಗೆ ಹೆಚ್ಚಿಗೆ ಇದ್ದರೆ ನಡೆಯುತ್ತದೆ. ಇದು ಅದನ್ನೂ ದಾಟಿತ್ತು. ತೊಲೆ ಗಿಡ್ಡ ಬಂದಿತ್ತು. ಕಂಬ ನೆಟ್ಟಗಿದೆಯಾ ಅಂತ ನೋಡಿದೆವು, ನೆಟ್ಟಗೇ ಇತ್ತು. ಅಲ್ಲಿದ್ದ ಮೇಲ್ವಿಚಾರಕರೊಬ್ಬರು ಹೇಳಿದರು: ಒಂದು ಸರಳಿನ ತುಂಡು ಇಟ್ಟು ಮೇಲೆ ಎಳೆದುಬಿಡು, ಮಧ್ಯಾಹ್ನದೊಳಗೆ ಮುಗಿಯುತ್ತದೆ.

ಇದು ಹಳೇ ಕಳ್ಳದಾರಿ. ಗ್ಯಾಪ್‌ನಲ್ಲಿ ಸರಳು ತುರುಕಿ ಅದರ ಮೇಲೆ ಎರಡು ಪದರ ವೆಲ್ಡ್ ಹಾಕಿದರೆ ಹೊರಗಿನಿಂದ ಪೂರ್ತಿ ತುಂಬಿದ ಹಾಗೇ ಕಾಣುತ್ತದೆ. ಒಳಗೆ ಸರಳು ಸಡಿಲ ನಿಂತಿರುತ್ತದೆ. 25 ಮಿ.ಮೀ. ದಪ್ಪ ಇರಬೇಕಾದ ಜಾಗದಲ್ಲಿ ನಿಜವಾದ ಬೆಸುಗೆ 8 ಮಿ.ಮೀ. ಕೂಡ ಇರದೇ ಹೋಗಬಹುದು. ನಾನು ಆಗುವುದಿಲ್ಲ ಅಂದೆ. ಜೋರು ಮಾತು ಆಯಿತು. ಕೊನೆಗೆ ಎಂಜಿನಿಯರ್ ಬಂದರು, ಅಳೆದರು. ಕೋಡ್‌ನಲ್ಲಿ ಇದಕ್ಕೆ ದಾರಿ ಇದೆ. ಫ್ಲೇಂಜ್‌ನ ಓರೆ ಮುಖದ ಮೇಲೆಯೇ ವೆಲ್ಡ್ ಲೋಹ ಕಟ್ಟಿ ಅದನ್ನು ಉದ್ದ ಮಾಡಬಹುದು. ಅದಕ್ಕೂ ಮಿತಿ ಇದೆ: ತೆಳ್ಳನೆಯ ಭಾಗದ ದಪ್ಪದ ಎರಡರಷ್ಟು ಅಥವಾ 20 ಮಿ.ಮೀ., ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಕಟ್ಟಿದ ಮೇಲೆ ಗ್ರೈಂಡರ್‌ನಿಂದ ಮತ್ತೆ ಓರೆ ಮಾಡಿ, ಗ್ಯಾಪ್ ಸರಿಯಾದ ಮೇಲೆ ಜೋಡಣೆ ಶುರು. ಆ ದಿನ ಬೇರೆ ಯಾವ ಜೋಡಣೆಯನ್ನೂ ಮುಟ್ಟಲು ಆಗಲಿಲ್ಲ. ಇಲ್ಲ ಅನ್ನುವ ಹಕ್ಕು ವೆಲ್ಡರ್‌ಗೆ ಇರಲೇಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ರೂಟ್ ಮುಚ್ಚಿದ ಮೇಲೆ ಒಳಗೆ ಏನಿದೆ ಅಂತ ಪ್ರಮಾಣ ಮಾಡಿ ಹೇಳಬಲ್ಲವನು ಅವನೊಬ್ಬನೇ.

ಗ್ಯಾಪ್ ಸರಿಯಾದರೆ ಮುಂದಿನದು ಬಿಸಿ. ಎಷ್ಟು ಬಿಸಿ ಬೇಕು ಅನ್ನುವುದು ಉಕ್ಕಿನ ಬಗೆ ಮತ್ತು ದಪ್ಪದ ಮೇಲೆ ಹೋಗುತ್ತದೆ. ನೋಡಬೇಕಾದದ್ದು ದಪ್ಪನೆಯ ಭಾಗವನ್ನು, ಅಂದರೆ ಬಹಳ ಸಲ ಕಂಬದ ಫ್ಲೇಂಜನ್ನು. ನಮ್ಮ ಉಕ್ಕಿಗೆ, ಒಣ ರಾಡ್ ಬಳಸಿದರೆ, 38 ಮಿ.ಮೀ. ದಾಟಿ 65 ಮಿ.ಮೀ.ವರೆಗಿನ ದಪ್ಪಕ್ಕೆ ಕನಿಷ್ಠ 65 ಡಿಗ್ರಿ ಇರಬೇಕಿತ್ತು. ಅದಕ್ಕಿಂತ ದಪ್ಪ ಇದ್ದರೆ 110 ಡಿಗ್ರಿ. ಗ್ಯಾಸ್ ಬರ್ನರ್ ಹಿಡಿದು ನಿಧಾನವಾಗಿ ಕಾಯಿಸುತ್ತೇವೆ. ಜ್ವಾಲೆ ತಾಗಿದ ಕಡೆ ಮೇಲ್ಮೈ ಬೇಗ ಬಿಸಿಯಾಗುತ್ತದೆ, ಒಳಗಿನ ದಪ್ಪ ಇನ್ನೂ ತಣ್ಣಗೇ ಇರುತ್ತದೆ. ಅದಕ್ಕೇ ವೆಲ್ಡ್ ಜಾಗದಿಂದ ಸುತ್ತಲೂ ಕನಿಷ್ಠ 75 ಮಿ.ಮೀ. ದೂರದವರೆಗೆ ಆ ಬಿಸಿ ಬಂದಿರಬೇಕು. ತಾಪಮಾನದ ಕ್ರೇಯಾನ್‌ನಿಂದ ಗೆರೆ ಎಳೆದರೆ, ಅದು ಕರಗಿದರೆ ಬಿಸಿ ಸಾಕು ಅಂತ ಗೊತ್ತಾಗುತ್ತದೆ. ಬಿಸಿ ಮಾಡುವುದರಿಂದ ವೆಲ್ಡ್ ನಿಧಾನ ತಣಿಯುತ್ತದೆ, ಪಕ್ಕದ ಪದರ ಗಡುಸಾಗುವುದಿಲ್ಲ, ಹೈಡ್ರೋಜನ್ ಹೊರಗೆ ಹೋಗಲು ಸಮಯ ಸಿಗುತ್ತದೆ. ಅರ್ಥ್ ಕ್ಲ್ಯಾಂಪನ್ನು ಅದೇ ತೊಲೆಗೆ, ಜೋಡಣೆಯ ಹತ್ತಿರವೇ ಹಾಕುತ್ತಿದ್ದೆ. ದೂರ ಎಲ್ಲೋ ಹಾಕಿದರೆ ಕರೆಂಟು ದಾರಿ ಹುಡುಕಿಕೊಂಡು ಕ್ರೇನ್‌ನ ಹಗ್ಗದ ಮೂಲಕವೂ ಹರಿಯಬಹುದು.

ಸೈಟ್‌ನಲ್ಲಿ ಗ್ಯಾಸ್ ಬಳಸುವ ವೈರ್ ವೆಲ್ಡಿಂಗ್ ಯಾಕೆ ಬೇಡ ಅಂದರೆ ಗಾಳಿ. ಗಂಟೆಗೆ 8 ಕಿ.ಮೀ. ದಾಟಿದ ಗಾಳಿಯಲ್ಲಿ ಅದನ್ನು ಮಾಡುವ ಹಾಗಿಲ್ಲ, ಕವಚದ ಗ್ಯಾಸ್ ಹಾರಿಹೋಗುತ್ತದೆ. ಎತ್ತರದ ಮಹಡಿಯಲ್ಲಿ ಅಷ್ಟು ಗಾಳಿ ಇಲ್ಲದ ಹೊತ್ತೇ ಅಪರೂಪ. ರಾಡ್‌ಗೆ ತನ್ನದೇ ಲೇಪನದ ರಕ್ಷಣೆ ಇದೆ. ಆದರೂ ನಾವು ಸುತ್ತ ಬೆಂಕಿ ಹಿಡಿಯದ ಬಟ್ಟೆಯ ಪರದೆ ಕಟ್ಟಿಯೇ ಕೂರುತ್ತಿದ್ದೆವು. ಪರದೆ ಕಿಡಿಯನ್ನೂ ತಡೆಯುತ್ತದೆ. ಕಿಡಿ 10 ಮೀಟರ್ ದಾಟಿ ಹಾರಬಲ್ಲದು, ಎತ್ತರದಿಂದ ಬಿದ್ದರೆ ಇನ್ನೂ ದೂರ. ಹಾಗಾಗಿ ಕೆಳ ಮಹಡಿಯಲ್ಲಿ ಬೆಂಕಿ ಕಾಯಲು ಒಬ್ಬರು ಇರಲೇಬೇಕು, ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಅವರು ಅಲ್ಲೇ ನಿಲ್ಲಬೇಕು.

ಈಗ ರೂಟ್ ಪಾಸ್. ರಾಡ್ ಒಂದು ಸಲ ಎಳೆದು ಹಾಕುವ ಪದರವೇ ಪಾಸ್, ತಳದ ಮೊದಲನೆಯದು ರೂಟ್ ಪಾಸ್. ಕೆಳ ಫ್ಲೇಂಜ್‌ನ ಪಕ್ಕ ಒಂದು ಮೊಣಕಾಲೂರಿ, ತಲೆ ಓರೆ ಮಾಡಿ, ವೆಬ್‌ನ ಕಿಂಡಿಯೊಳಗೆ ನೋಟ ಇಡಬೇಕು. ರೂಟ್‌ಗೆ ನಾನು 3.15 ಮಿ.ಮೀ. ರಾಡನ್ನು ಸುಮಾರು 120 ಆಂಪಿಯರ್‌ನಲ್ಲಿ ಬಳಸುತ್ತಿದ್ದೆ. ರಾಡ್ ಪಾಸಿಟಿವ್‌ಗೆ. ಕಿಂಡಿಯೊಳಗೆ ಹೋದಷ್ಟೂ ಒಳಗೆ, ಸಾಧ್ಯವಾದರೆ ವೆಬ್‌ನ ನಡುಗೆರೆ ದಾಟಿ, ಆರ್ಕ್ ಹೊತ್ತಿಸಬೇಕು. ಶುರು ಮತ್ತು ನಿಲುಗಡೆಗಳೇ ವೆಲ್ಡ್‌ನಲ್ಲಿ ದುರ್ಬಲ. ಅವು ವೆಬ್‌ನ ಅಡಿಯಲ್ಲಿ ಒಂದರ ಮೇಲೊಂದು ಕೂರಬಾರದು, ಪಾಸ್‌ನಿಂದ ಪಾಸ್‌ಗೆ ಜಾಗ ಬದಲಾಗಬೇಕು. ಆರ್ಕ್ ಚಿಕ್ಕದಾಗಿರಬೇಕು. 7018 ರಾಡನ್ನು ಎತ್ತಿ ಹಿಡಿದರೆ ವೆಲ್ಡ್‌ನಲ್ಲಿ ತೂತು ಬೀಳುತ್ತದೆ. ಕರಗಿದ ಕೊಳ ಮೂರು ಕಡೆ ಹಿಡಿಯಬೇಕು: ಫ್ಲೇಂಜ್‌ನ ಓರೆ, ಕೆಳಗಿನ ಪಟ್ಟಿ, ಕಂಬದ ಮುಖ. ಮೊದಲ ಎರಡು ಬೇಗ ಹಿಡಿಯುತ್ತವೆ. ಕಂಬ ದಪ್ಪ, ಬಿಸಿಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ರಾಡ್‌ನ ಮೂತಿ ಕಂಬದ ಕಡೆ ಸ್ವಲ್ಪ ಜಾಸ್ತಿ ವಾಲಬೇಕು. ಕೊಳದ ಅಂಚು ಕಂಬದ ಮುಖಕ್ಕೆ ಹತ್ತಿ ಕೂತಿತು ಅನ್ನುವುದು ಕಣ್ಣಿಗೆ ಕಾಣಬೇಕು. ಅದಕ್ಕೆ ಮೊದಲು ಮುಂದೆ ಹೋಗಲೇಬಾರದು. ಗಾಜಿನ ಹಿಂದೆ ಕಾಣುವ ಆ ಹೊಳೆಯುವ ಅಂಚು, ಅದರ ಹಿಂದೆ ಬರುವ ಮಬ್ಬು ಸ್ಲ್ಯಾಗ್, ಇವೆರಡರ ವ್ಯತ್ಯಾಸ ಗೊತ್ತಾದ ದಿನ ವೆಲ್ಡರ್ ಆದೆ ಅಂತ ಅನ್ನಿಸಿತು.

ಒಂದು ಬದಿ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಬದಿ ಅನ್ನುವ ಹಾಗಿಲ್ಲ. ಒಂದು ಪದರ ಈ ಬದಿ, ಅದೇ ಪದರ ಆ ಬದಿ, ಆಮೇಲೆ ಮುಂದಿನ ಪದರ. ವೆಲ್ಡನ್ನು ಫ್ಲೇಂಜ್‌ನ ಅಂಚಿನಲ್ಲೇ ನಿಲ್ಲಿಸುವುದೂ ಇಲ್ಲ. ಅಂಚಿನಾಚೆ ಒಂದು ತುಂಡು ಪ್ಲೇಟು ಕೂರಿಸಿರುತ್ತಾರೆ, ಅದರ ಮೇಲೆ ಓಡಿಸಿ ನಿಲ್ಲಿಸಬೇಕು. ಕೊನೆಗೆ ಅದನ್ನು ಕತ್ತರಿಸಿ ತೆಗೆದು ಗ್ರೈಂಡ್ ಮಾಡುವುದರಿಂದ ನಿಲುಗಡೆಯ ದೋಷ ಫ್ಲೇಂಜ್‌ನಲ್ಲಿ ಉಳಿಯುವುದಿಲ್ಲ. ಎರಡು ಪಾಸ್‌ಗಳ ನಡುವಿನ ಹೊತ್ತಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಆದರೆ ನನ್ನ ಸಮಯದ ಬಹುಪಾಲು ಹೋದದ್ದು ಅಲ್ಲೇ. ಸ್ಲ್ಯಾಗ್ ಕುಟ್ಟಬೇಕು, ತಂತಿ ಬ್ರಶ್ ಹಾಕಬೇಕು, ಓರೆಯ ಬುಡದ ಸಂದಿಯಲ್ಲಿ ಕಪ್ಪು ಗೆರೆ ಉಳಿದಿದ್ದರೆ ತೆಳು ಡಿಸ್ಕ್ ಇಟ್ಟು ತೆರೆಯಬೇಕು. ಕಿಂಡಿಯೊಳಗೆ ಗ್ರೈಂಡರ್ ಹೋಗುವುದಿಲ್ಲ. ಅಲ್ಲಿಗೆ ಪೆನ್ಸಿಲ್‌ನಂಥ ಸಣ್ಣ ಬರ್ ಗ್ರೈಂಡರ್ ಬೇಕು, ಟಾರ್ಚ್ ಬೇಕು, ಕೆಲವೊಮ್ಮೆ ಸಣ್ಣ ಕನ್ನಡಿ ಬೇಕು. ಮುಂದಿನ ಪಾಸ್‌ನಲ್ಲಿ ಸ್ಲ್ಯಾಗ್ ಕರಗಿ ಮೇಲೆ ಬಂದುಬಿಡುತ್ತೆ ಅಂತ ಕೆಲವರು ಹೇಳುತ್ತಾರೆ. ಅಗಲವಾದ ಜಾಗದಲ್ಲಿ ಒಂದೊಂದು ಸಲ ಬರಲೂಬಹುದು. ಚೂಪು ಮೂಲೆಯಲ್ಲಿ ಬರುವುದಿಲ್ಲ.

ತುಂಬುವ ಪಾಸ್‌ಗಳ ಬಗ್ಗೆ ಹೇಳಲು ಜಾಸ್ತಿ ಇಲ್ಲ. 4 ಮಿ.ಮೀ. ರಾಡ್, 160 ಆಂಪಿಯರ್ ಆಸುಪಾಸು, ಅಗಲ ಬೀಸದೆ ಕಿರಿದಾದ ಬೀಡ್‌ಗಳು ಒಂದರ ಪಕ್ಕ ಒಂದು. ಬಿಸಿ ಮಿತಿ ಮೀರದಂತೆ ಆಗಾಗ ಅಳೆಯುವುದು.

ಉಕ್ಕಿನ ಎಳೆತದ ಬಗ್ಗೆ ಮಾತ್ರ ಬಿಡಿಸಿ ಹೇಳಬೇಕು. ಕರಗಿದ ಲೋಹ ತಣಿಯುವಾಗ ಕುಗ್ಗುತ್ತದೆ, ಕುಗ್ಗುವಾಗ ತೊಲೆಯನ್ನೂ ಕಂಬವನ್ನೂ ಹತ್ತಿರಕ್ಕೆ ಎಳೆಯುತ್ತದೆ. ಒಂದು ಜೋಡಣೆಯಲ್ಲಿ ಅದು ಒಂದೆರಡು ಮಿ.ಮೀ. ಮಾತ್ರ. ಆದರೆ ಸಾಲಿನಲ್ಲಿ ಹತ್ತು ಕಂಬ ಇದ್ದರೆ ಕೂಡಿ ಕೂಡಿ ಕೊನೆಯ ಕಂಬ ನೆಟ್ಟಗೆ ಉಳಿಯುವುದಿಲ್ಲ. ಅದಕ್ಕೇ ಕಟ್ಟಡದ ನಡುವಿನಿಂದ ಹೊರಕ್ಕೆ ಹೋಗುವ ಕ್ರಮ. ಕಂಬಗಳನ್ನು ನಿಲ್ಲಿಸುವಾಗಲೇ ಈ ಎಳೆತದ ಲೆಕ್ಕ ಹಿಡಿದು ಸ್ವಲ್ಪ ಹೊರಕ್ಕೆ ವಾಲಿಸಿರುತ್ತಾರೆ. ಒಂದು ತೊಲೆಯ ಎರಡೂ ತುದಿಯನ್ನು ಒಂದೇ ಹೊತ್ತಿಗೆ ವೆಲ್ಡ್ ಮಾಡಲು ನಮಗೆ ಬಿಡುತ್ತಿರಲಿಲ್ಲ. ಒಂದು ತುದಿ ಮುಗಿದು ತಣಿಯಬೇಕು, ಆಮೇಲೆ ಇನ್ನೊಂದು. ಎರಡೂ ಕಡೆ ಒಟ್ಟಿಗೆ ಬಿಗಿಯಾದರೆ ಕುಗ್ಗಲು ಜಾಗ ಸಿಗದೆ ಆ ಎಳೆತ ವೆಲ್ಡ್‌ನೊಳಗೇ ಉಳಿಯುತ್ತದೆ. ಅಲ್ಲಿ ಉಳಿಯದಿದ್ದರೆ ಕಂಬದ ಫ್ಲೇಂಜನ್ನೇ ಪದರ ಪದರವಾಗಿ ಕಿತ್ತುಬಿಡಬಹುದು. ಇದೇ ಕಾರಣಕ್ಕೆ, ಶುರು ಮಾಡಿದ ಫ್ಲೇಂಜನ್ನು ಅರ್ಧಕ್ಕೆ ಬಿಟ್ಟು ಮನೆಗೆ ಹೋಗುವುದು ನನಗೆ ಒಪ್ಪಿಗೆ ಇಲ್ಲ. ಅರ್ಧ ತುಂಬಿದ ವೆಲ್ಡ್ ರಾತ್ರಿಯೆಲ್ಲ ತಣಿಯುತ್ತಾ ಪೂರ್ತಿ ಎಳೆತವನ್ನು ಅರ್ಧ ದಪ್ಪದಲ್ಲಿ ಹೊತ್ತಿರುತ್ತದೆ.

ಕೆಳ ಫ್ಲೇಂಜ್ ತುಂಬಿದ ಮೇಲೆ ಕೆಲಸ ಮುಗಿಯಲಿಲ್ಲ. ನಾರ್ತ್‌ರಿಡ್ಜ್‌ನ ಪಾಠ ಇಲ್ಲಿ ಬರುತ್ತದೆ: ಬ್ಯಾಕಿಂಗ್ ಪಟ್ಟಿ ತೆಗೆಯಬೇಕು. ತೊಲೆಯ ಕೆಳಗೆ ಮಲಗಿದ ಹಾಗೆ ಕೂತು, ಕಾರ್ಬನ್ ಆರ್ಕ್ ಗೌಜಿಂಗ್‌ನಿಂದ ಪಟ್ಟಿಯನ್ನು ಕರಗಿಸಿ ಗಾಳಿಯಿಂದ ಊದಿ ತೆಗೆಯುತ್ತೇವೆ. ಕಿವಿ ಗವ್ವೆನ್ನುವ ಸದ್ದು, ಕರಗಿದ ಲೋಹದ ಮಳೆ. ಚರ್ಮದ ಜಾಕೆಟ್, ಕಿವಿ ಮುಚ್ಚಿಗೆ, ಹೊಗೆಗೆ ಮಾಸ್ಕ್ ಇಲ್ಲದೆ ಇಲ್ಲಿ ಕೂರಲೇಬಾರದು. ಪಟ್ಟಿ ಹೋದ ಮೇಲೆ ರೂಟ್ ಮೊದಲ ಸಲ ಕೆಳಗಿನಿಂದ ಕಾಣುತ್ತದೆ. ಗ್ರೈಂಡ್ ಮಾಡಿ ಹೊಳೆಯುವ ಲೋಹ ಬರುವವರೆಗೂ ಹೋಗಬೇಕು. ಆಮೇಲೆ ಅಲ್ಲಿಗೆ, ತಲೆ ಮೇಲೆ ಕೈ ಎತ್ತಿ, 8 ಮಿ.ಮೀ.ನ ಮೂಲೆ ವೆಲ್ಡ್. ಟೆಸ್ಟ್‌ನಲ್ಲಿ ತಲೆ ಮೇಲಿನ ಪ್ಲೇಟು ಯಾಕೆ ಮಾಡಿಸಿದರು ಅಂತ ಅಲ್ಲಿ ಅರ್ಥವಾಗುತ್ತದೆ. ಮೇಲಿನ ಫ್ಲೇಂಜ್‌ನ ಪಟ್ಟಿಯನ್ನು ಉಳಿಸಬಹುದು, ಆದರೆ ಅದರ ಅಡಿಯನ್ನು ಕಂಬಕ್ಕೆ ವೆಲ್ಡ್ ಮಾಡಿ ಆ ಸಂದು ಮುಚ್ಚಬೇಕು.

ತಪಾಸಣೆಗೆ ಮೊದಲು ಕಣ್ಣು. ಬಿರುಕು ಎಷ್ಟೇ ಚಿಕ್ಕದಿರಲಿ, ಒಂದೂ ಇರಬಾರದು. ಅಂಚಿನಲ್ಲಿ ಮೂಲ ಲೋಹ ಕೊರೆದುಹೋಗಿದ್ದರೆ ಅದರ ಆಳಕ್ಕೆ ಮಿತಿ ಇದೆ. ಒಳಗಿನದನ್ನು ನೋಡುವುದು ಅಲ್ಟ್ರಾಸೋನಿಕ್. ಜೆಲ್ ಹಚ್ಚಿ, ಓರೆಯಾಗಿ ಶಬ್ದ ಕಳಿಸುವ ಪ್ರೋಬನ್ನು ಫ್ಲೇಂಜ್ ಮೇಲೆ ಹಿಂದೆ ಮುಂದೆ ಸರಿಸುತ್ತಾರೆ. ಒಳಗೆ ಸಂದು ಇದ್ದರೆ ಶಬ್ದ ವಾಪಸ್ ಬಂದು ಪರದೆಯಲ್ಲಿ ಗೆರೆ ಎದ್ದು ನಿಲ್ಲುತ್ತದೆ. ಇಲ್ಲಿಯೂ ಕಷ್ಟದ ಜಾಗ ಅದೇ, ವೆಬ್‌ನ ಅಡಿ. ಪ್ರೋಬ್ ಸರಿಸಲು ವೆಬ್ ಅಡ್ಡ ಬರುತ್ತದೆ. ಒಳ್ಳೆಯ ತಪಾಸಕರು ಅಲ್ಲಿ ಬೇರೆ ಬೇರೆ ಕೋನದಿಂದ, ಕೆಳಗಿನಿಂದಲೂ, ತಾಳ್ಮೆಯಿಂದ ಹುಡುಕುತ್ತಾರೆ.

ಬೇರೆ ತಂಡದವರು ಮುಗಿಸಿದ್ದ ಒಂದು ಜೋಡಣೆಯಲ್ಲಿ ಅಂಥ ಗೆರೆ ಎದ್ದಿತು. ರಿಪೇರಿ ಕೆಲಸ ನನಗೆ ಬಂತು. ತಪಾಸಕರು ಚಾಕ್‌ನಿಂದ ಉದ್ದ, ಆಳ ಎರಡೂ ಗುರುತು ಮಾಡಿದ್ದರು. ಮತ್ತೆ ಕಾಯಿಸಿ, ಗೌಜಿಂಗ್ ಹಿಡಿದು ತೆಳುವಾಗಿ ಪದರ ಪದರ ತೆಗೆಯುತ್ತಾ ಹೋದೆ. ಮೇಲಿನ ಲೋಹವೆಲ್ಲ ಶುದ್ಧ, ಒಂದು ತೂತಿಲ್ಲ. ಅವರ ಕೈ ಚೆನ್ನಾಗಿಯೇ ಇತ್ತು. ತಳಕ್ಕೆ ಬಂದಾಗ ವೆಬ್‌ನ ಅಡಿಯಲ್ಲಿ, ಎರಡು ಬದಿಯ ರೂಟ್ ಪಾಸ್ ಸೇರುವ ಕಡೆ, ಗಾಜಿನಂಥ ಸ್ಲ್ಯಾಗ್‌ನ ತೆಳು ಗೆರೆ. ಅದರ ಹಿಂದೆ ಕಂಬದ ಮುಖ ಕರಗದೇ, ಉಕ್ಕಿನ ಗಿರಣಿಯಿಂದ ಬಂದ ಪೊರೆಯ ಸಮೇತ ಹಾಗೇ ಇತ್ತು. ಅಷ್ಟೆಲ್ಲ ಲೋಹ ಅದರ ಮೇಲೆ ಕೂತಿತ್ತು. ಬದಲಾವಣೆ ಬೇಕು ಅಂತ ಎಲ್ಲರಿಗೂ ಅನ್ನಿಸಿದ್ದು ಅದನ್ನು ಕಣ್ಣಾರೆ ನೋಡಿದ ಮೇಲೆ.

ದೋಷದ ಎರಡೂ ತುದಿ ದಾಟುವವರೆಗೆ ತೆಗೆದು, ಗ್ರೈಂಡ್ ಮಾಡಿ, ಬಿರುಕು ಉಳಿದಿಲ್ಲ ಅಂತ ಖಚಿತ ಮಾಡಿಕೊಂಡು, ಒಣ ರಾಡ್‌ನಲ್ಲಿ ಮೊದಲಿನಿಂದ ತುಂಬಿದೆ. ಪೂರ್ತಿ ತಣಿದ ಮೇಲೆ ಮತ್ತೆ ಅಲ್ಟ್ರಾಸೋನಿಕ್ ಆಯಿತು, ಗೆರೆ ಏಳಲಿಲ್ಲ. ಅದಾದ ಮೇಲೆ ನಮ್ಮ ಸೈಟ್‌ನಲ್ಲಿ ಹೊಸ ಕ್ರಮ ಬಂತು. ಕೆಳ ಫ್ಲೇಂಜ್‌ನ ರೂಟ್ ಎರಡೂ ಬದಿ ಮುಗಿದ ಕೂಡಲೇ ಇನ್ನೊಬ್ಬ ವೆಲ್ಡರ್ ಬಂದು ಕಿಂಡಿಯೊಳಗೆ ಟಾರ್ಚ್ ಹಾಕಿ ನೋಡಬೇಕು, ಹಾಳೆಗೆ ಸಹಿ ಮಾಡಬೇಕು. ಅಲ್ಲಿಯವರೆಗೆ ಬರ್ನರ್ ಹಿಡಿದು ಬಿಸಿ ಕಾಯ್ದುಕೊಂಡಿರಬೇಕು, ಎರಡನೇ ಪಾಸ್ ಹಾಕುವ ಹಾಗಿಲ್ಲ. ಸಮಯ ಜಾಸ್ತಿ ಹಿಡಿಯುತ್ತದೆ ಅಂತ ಮೊದಮೊದಲು ಆಕ್ಷೇಪ ಬಂತು. ವೆಲ್ಡರ್‌ಗಳಲ್ಲಿ ಯಾರೂ ಆಕ್ಷೇಪಿಸಲಿಲ್ಲ.